ಮಂಡಿ ನೋವು ಅಂದುಕೊಂಡಿದ್ದೀರಾ? ಸೊಂಟದ ಕೀಲನ್ನೂ ಒಮ್ಮೆ ನೋಡಿ

ನಮ್ಮಮ್ಮ ಒಂದು ವರ್ಷ ಮಂಡಿಗೆ ಎಣ್ಣೆ ತಿಕ್ಕಿದರು. ಕೊನೆಗೆ ಕೋಲಾರದಲ್ಲಿ ಎಕ್ಸ್‌ರೇ ತೆಗೆಸಿದಾಗ ಮಂಡಿ ಚೆನ್ನಾಗಿಯೇ ಇತ್ತು. ಸವೆದಿದ್ದು ಸೊಂಟದ ಕೀಲು.

ಒರಳಲ್ಲಿ ಗುಂಡು ಕೂತ ಹಾಗೆ ತೊಡೆಮೂಳೆಯ ತಲೆ ಸೊಂಟದ ಗುಳಿಯಲ್ಲಿ ಕೂತಿರುತ್ತದೆ. ಎರಡಕ್ಕೂ ನುಣುಪಾದ ಕಾರ್ಟಿಲೇಜ್ ಹೊದಿಕೆ ಇರುತ್ತದೆ. ವಯಸ್ಸಾದಂತೆ ಅದು ತೆಳುವಾಗುತ್ತದೆ, ಅಂಚಲ್ಲಿ ಮೂಳೆ ಮುಳ್ಳಿನ ಹಾಗೆ ಬೆಳೆಯುತ್ತದೆ.

ಮೊದಲು ನೋವಿನ ಜಾಗ ಗುರುತಿಸಿ. ಈ ಕೀಲಿನ ನೋವು ಹೆಚ್ಚಾಗಿ ತೊಡೆಸಂದಿನಲ್ಲಿರುತ್ತದೆ. ಅಲ್ಲಿಂದ ಮಂಡಿಗೂ ಇಳಿಯುತ್ತದೆ. ನಾವು ಸೊಂಟ ನೋವು ಅನ್ನುವುದು ಸಾಮಾನ್ಯವಾಗಿ ಬೆನ್ನಿನ ಕೆಳಭಾಗದ್ದು, ಅದು ಬೇರೆ. ಕುರ್ಚಿಯಲ್ಲಿ ಕೂತು, ತೊಡೆ ಅಲುಗಿಸದೆ ಪಾದವನ್ನು ಹೊರಗೆ ತಿರುಗಿಸಿ. ಒಂದು ಕಾಲು ಕಡಿಮೆ ತಿರುಗಿ ತೊಡೆಸಂದು ನೋಯುತ್ತಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ. ನಮ್ಮ ಕಡೆ ಎಷ್ಟೋ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ಅದರಿಂದಲೂ ಕೀಲು ಬಿಗಿಯುತ್ತದೆ. ಯಾವ ನೀರು ಕುಡಿಯುತ್ತೀರಿ ಅಂತ ಮರೆಯದೆ ಹೇಳಿ.

ಆಮೇಲೆ ಕೋಲು. ಬಲಗಡೆ ನೋವಿದ್ದರೆ ಕೋಲು ಎಡಗೈಯಲ್ಲಿರಬೇಕು. ಅಮ್ಮ ನಂಬಲೇ ಇಲ್ಲ. "ನೋಯೋ ಕಡೆ ತಾನೇ ಊರಬೇಕು?" ಅಂದರು. ನಡೆಯುವಾಗ ಪ್ರತಿ ಹೆಜ್ಜೆಗೂ ಈ ಕೀಲಿನ ಮೇಲೆ ಮೈತೂಕದ 2.5ರಿಂದ 3 ಪಟ್ಟು ಭಾರ ಬೀಳುತ್ತದೆ. ಮೈ ವಾಲದಂತೆ ಸೊಂಟದ ಪಕ್ಕದ ಸ್ನಾಯು ಜಗ್ಗಿ ಹಿಡಿಯುವುದರಿಂದಲೇ ಇಷ್ಟು ಭಾರ. ಎದುರು ಕೈಯ ಕೋಲು ಆ ಜಗ್ಗಾಟವನ್ನು ಹಗುರ ಮಾಡುತ್ತದೆ. ನೋವಿನ ಕಾಲಿನ ಜೊತೆಗೇ ಕೋಲನ್ನೂ ಮುಂದಿಡಿ. ಚಪ್ಪಲಿ ಹಾಕಿ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕಿರಲಿ. ಅಮ್ಮ ಕೈ ಬದಲಿಸಿ ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿದರು, ಮತ್ತೆ ವಾದ ಮಾಡಲಿಲ್ಲ.

ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತುವವರು ಇದನ್ನು ನೆನಪಿಡಿ. ಟೊಮೆಟೊ ಆರಿಸುವಾಗ ಕುಕ್ಕರುಗಾಲಲ್ಲಿ ಕೂರಬೇಡಿ, ಎತ್ತರದ ಸ್ಟೂಲ್ ಹಾಕಿಕೊಳ್ಳಿ.

ನೋವು ಅಂತ ಸುಮ್ನೆ ಮಲಗಿದರೆ ಕೀಲು ಇನ್ನೂ ಬಿಗಿಯುತ್ತದೆ. ದಿನಾ ಸಮತಟ್ಟು ನೆಲದಲ್ಲಿ ನಡೆಯಿರಿ. ಒಳ್ಳೆಯ ಮಗ್ಗುಲಿಗೆ ಮಲಗಿ, ನೋವಿನ ಕಾಲನ್ನು ನೇರವಾಗಿ ಮೇಲೆತ್ತಿ 5 ಎಣಿಸಿ ಇಳಿಸಿ. ಹೀಗೆ 10 ಸಲ ಮಾಡಿ. ನೋವಿನ ಮಾತ್ರೆಯನ್ನು ನೀವೇ ತಂದು ತಿಂಗಳುಗಟ್ಟಲೆ ನುಂಗಬೇಡಿ, ಕಿಡ್ನಿ ಹಾಳಾಗಬಹುದು.

ಇಷ್ಟಾದರೂ ರಾತ್ರಿ ನಿದ್ದೆ ಬಾರದಷ್ಟು ನೋವಿದ್ದರೆ ಕೀಲು ಬದಲಿಸುವ ಆಪರೇಷನ್ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಹೆದರಬೇಡಿ, ಇಂಗ್ಲೆಂಡಿನ ಮೂಳೆ ಡಾಕ್ಟರ್ ಜಾನ್ ಚಾರ್ನ್ಲಿ 1960ರ ದಶಕದಲ್ಲೇ ಇದಕ್ಕೆ ಒಳ್ಳೆಯ ದಾರಿ ತೋರಿಸಿದ್ದಾರೆ. ಆದರೆ ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಅಥವಾ ನೋವಿನ ಜೊತೆ ಜ್ವರ ಬಂದರೆ, ಮನೆಯಲ್ಲಿ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.