ನಕ್ಷತ್ರ ನಕ್ಷೆಯಲ್ಲಿ ಇಲ್ಲದ ಗ್ರಹಗಳನ್ನು ಹುಡುಕುವ ಬಗೆ

ದಿನಾಂಕಕ್ಕೂ ಗಂಟೆಗೂ ಹೊಂದಿಸಿ ತಿರುಗಿಸುವ ಚಕ್ರದ ನಕ್ಷತ್ರ ನಕ್ಷೆಯಲ್ಲಿ ಗ್ರಹಗಳನ್ನು ಮುದ್ರಿಸಿರುವುದಿಲ್ಲ. ನಕ್ಷತ್ರಗಳ ನಡುವೆ ಅವು ಸ್ಥಳ ಬದಲಿಸುತ್ತಲೇ ಇರುವುದರಿಂದ ಎಲ್ಲ ವರ್ಷಗಳಿಗೂ ಸಲ್ಲುವಂತೆ ಅವನ್ನು ಗುರುತಿಸಲಾಗದು. ಆದ್ದರಿಂದ ನಕ್ಷೆಯಲ್ಲಿಲ್ಲದ, ಆದರೆ ಆಕಾಶದಲ್ಲಿ ಎದ್ದು ಕಾಣುವ ‘ಹೆಚ್ಚುವರಿ ನಕ್ಷತ್ರ’ವನ್ನು ಪತ್ತೆ ಮಾಡುವುದೇ ನಮ್ಮ ಕೆಲಸ.

ಕೊಳ್ಳುವಾಗ ನಕ್ಷೆಯು ಯಾವ ಅಕ್ಷಾಂಶಕ್ಕೆ ಸಿದ್ಧಪಡಿಸಿದ್ದು ಎಂಬುದನ್ನು ನೋಡಬೇಕು. ಯೂರೋಪಿಗಾಗಿ ಮಾಡಿದ ನಕ್ಷೆಯ ದಿಗಂತ ನಮ್ಮದಕ್ಕೆ ಹೊಂದುವುದಿಲ್ಲ. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಕೇವಲ 13 ಡಿಗ್ರಿ ಎತ್ತರದಲ್ಲಿರುತ್ತದೆ. ನಕ್ಷೆಯಲ್ಲಿ ಪೂರ್ವ ಪಶ್ಚಿಮಗಳು ಅದಲುಬದಲಾದಂತೆ ಕಂಡರೆ ಗಾಬರಿಯಾಗಬೇಕಿಲ್ಲ, ಅದನ್ನು ತಲೆಯ ಮೇಲೆ ಎತ್ತಿ ಹಿಡಿದಾಗ ದಿಕ್ಕುಗಳು ಸರಿಯಾಗುತ್ತವೆ. ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿಕೊಂಡರೆ ಕತ್ತಲೆಗೆ ಒಗ್ಗಿದ ಕಣ್ಣು ಕೆಡುವುದಿಲ್ಲ.

ಇಡೀ ಆಕಾಶವನ್ನು ಶೋಧಿಸುವ ಅಗತ್ಯವಿಲ್ಲ. ಬರಿಗಣ್ಣಿಗೆ ಕಾಣುವ ಐದೂ ಗ್ರಹಗಳು ಕ್ರಾಂತಿವೃತ್ತದ, ಅಂದರೆ ನಕ್ಷತ್ರಗಳ ನಡುವೆ ಸೂರ್ಯ ವರ್ಷವಿಡೀ ಸಾಗುವಂತೆ ಕಾಣುವ ದಾರಿಯ, ಆಸುಪಾಸಿನಲ್ಲೇ ಸಂಚರಿಸುತ್ತವೆ. ಕೃತ್ತಿಕಾ, ರೋಹಿಣಿ, ಮಘಾ, ಚಿತ್ರಾ, ಜ್ಯೇಷ್ಠಾ ಇವು ಆ ದಾರಿಯ ಮೈಲಿಗಲ್ಲುಗಳು. ಮಘಾ ನಕ್ಷತ್ರವಂತೂ ಹೆಚ್ಚುಕಡಿಮೆ ದಾರಿಯ ಮೇಲೆಯೇ ಇದೆ. ಇವುಗಳಲ್ಲಿ ಎರಡನ್ನು ಗುರುತಿಸಿ, ನಡುವಿನ ಪಟ್ಟಿಯನ್ನು ನಕ್ಷೆಯೊಡನೆ ಹೋಲಿಸಿ ನೋಡಬೇಕು.

ಯಾವ ಭಾಗದಲ್ಲಿ ಹುಡುಕಬೇಕೆಂಬ ಸುಳಿವು ಮನೆಯ ಗೋಡೆಗೆ ತೂಗುಬಿಟ್ಟ ಪಂಚಾಂಗದಲ್ಲೇ ಸಿಗುತ್ತದೆ. ಫಲಜ್ಯೋತಿಷದ ಮಾತು ಹೇಗೇ ಇರಲಿ, ದೃಗ್ಗಣಿತ ಪಂಚಾಂಗದ (ಆಕಾಶದಲ್ಲಿ ಕಾಣುವುದಕ್ಕೆ ತಾಳೆಯಾಗುವಂತೆ ಲೆಕ್ಕಹಾಕಿದ ಪಂಚಾಂಗದ) ಗ್ರಹಸ್ಥಿತಿ ಖಗೋಳ ವೀಕ್ಷಕನಿಗೆ ಬಹಳ ಉಪಯುಕ್ತ. ಉದಾಹರಣೆಗೆ 2026ರ ಜನವರಿ 10ರಂದು ಗುರು ಸೂರ್ಯನಿಗೆ ಎದುರಾಗಿ ಪುನರ್ವಸುವಿನಲ್ಲಿತ್ತು. ಆ ರಾತ್ರಿ ಎಂಟರ ಹೊತ್ತಿಗೆ ಪೂರ್ವಕ್ಕೆ ಮುಖಮಾಡಿ ನಿಂತು ಪುನರ್ವಸುವಿನ ಜೋಡಿ ನಕ್ಷತ್ರಗಳನ್ನು ಗುರುತಿಸಿದವರಿಗೆ, ಅವುಗಳ ಬಲಕ್ಕೆ ಒಂದು ಮುಷ್ಟಿಗಿಂತ ಕಡಿಮೆ ದೂರದಲ್ಲಿ, ಅವೆರಡನ್ನೂ ಮಂಕಾಗಿಸುವಂತೆ ಉರಿಯುತ್ತಿದ್ದ ಗುರು ನಕ್ಷೆಯಲ್ಲಿಲ್ಲದ ನಕ್ಷತ್ರವಾಗಿ ಕಾಣುತ್ತಿತ್ತು. ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ.

ಗುರು ರಾಶಿಯೊಂದರಲ್ಲಿ ಸುಮಾರು ಒಂದು ವರ್ಷ, ಶನಿ ಎರಡೂವರೆ ವರ್ಷ ಇರುವುದರಿಂದ ಒಮ್ಮೆ ಕಂಡುಕೊಂಡರೆ ಮತ್ತೆ ಹುಡುಕುವುದು ಸುಲಭ. ಮಂಗಳನ ಹೊಳಪು ಬಹಳ ಏರಿಳಿಯುತ್ತದೆ. ಕೆಂಪಗಿನ ಜ್ಯೇಷ್ಠಾ ನಕ್ಷತ್ರವನ್ನೇ ಮಂಗಳವೆಂದು ತಿಳಿಯುವವರೂ ಉಂಟು. ಗ್ರಹಗಳು ಮಿನುಗುವುದಿಲ್ಲವೆಂಬ ಮಾತನ್ನು ದಿಗಂತದ ಬಳಿ ಪೂರ್ತಿ ನಂಬಬಾರದು, ಅಲ್ಲಿನ ದಟ್ಟ ಗಾಳಿ ಅವನ್ನೂ ಮಿನುಗಿಸುತ್ತದೆ.

ಶುಕ್ರವು ಸೂರ್ಯನಿಂದ 47 ಡಿಗ್ರಿಗಿಂತ ಹೆಚ್ಚು ದೂರ ಸರಿಯದ ಕಾರಣ ನಡುರಾತ್ರಿ ನಮ್ಮಲ್ಲಿ ಕಾಣುವುದಿಲ್ಲ. ಬುಧನ ಮಿತಿ 28 ಡಿಗ್ರಿ ಮಾತ್ರ. ಸೂರ್ಯಾಸ್ತವಾಗಿ ಮುಕ್ಕಾಲು ಗಂಟೆಯೊಳಗೆ, ಮರ ಕಟ್ಟಡಗಳ ಅಡ್ಡಿಯಿಲ್ಲದ ಪಶ್ಚಿಮ ದಿಗಂತದಲ್ಲಿ ಅದನ್ನು ಅರಸಬೇಕು. ಸೂರ್ಯ ಪೂರ್ತಿ ಮುಳುಗುವವರೆಗೆ ದುರ್ಬೀನನ್ನು ಆ ಕಡೆಗೆ ತಿರುಗಿಸಲೇಬಾರದು.