ಬೆಂಗಳೂರನ್ನು ಒಂದು ದಿನದಲ್ಲಿ ಸುತ್ತಿದ್ದು ಹೀಗೆ

ಮೊದಲ ಸಲ ಬೆಂಗಳೂರು ನೋಡಲು ಹೋದಾಗ ನಾವಿಬ್ಬರೂ ಅರ್ಧ ದಿನ ಆಟೋದಲ್ಲೇ ಕೂತಿದ್ದೆವು. ವಿಧಾನಸೌಧ, ಅರಮನೆ, ಇಸ್ಕಾನ್, ಮಾಲ್ ಎಲ್ಲ ಒಂದೇ ದಿನ ಮುಗಿಸುವ ಆಸೆ. ಕೊನೆಗೆ ಟ್ರಾಫಿಕ್‌ನಲ್ಲಿ ಸಿಕ್ಕಿ ವಾಪಸ್ ರೈಲೂ ತಪ್ಪಿತು. ಈ ಸಲ ನಾನು ಮನೆಯಲ್ಲೇ ಹೇಳಿಬಿಟ್ಟೆ, "ರೀ, ಮೆಟ್ರೋದ ಹಸಿರು ಲೈನ್ ಒಂದೇ ಸಾಕು. ಅದು ಬಿಟ್ಟು ಬೇರೆ ಕಡೆ ಹೋಗೋದು ಬೇಡ."

ಹಾಸನದಿಂದ ಬೆಳಗಿನ ರೈಲು ಹತ್ತಿದೆವು. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲೆ ಈ ದಾರಿ ಶುರುವಾದ ಮೇಲೆ ನಮಗೆ ತುಂಬಾ ಅನುಕೂಲ ಆಗಿದೆ. ಮೆಜೆಸ್ಟಿಕ್‌ವರೆಗೂ ಹೋಗಲಿಲ್ಲ, ಯಶವಂತಪುರದಲ್ಲೇ ಇಳಿದೆವು. ತುಮಕೂರು ರಸ್ತೆ ಕಡೆ ಹೊರಬಂದರೆ ಮೆಟ್ರೋ ಹತ್ತಿರ.

ದೂರದ್ದು ಮೊದಲು, ಹೂವಿನ ಮಾರ್ಕೆಟ್ ಕೊನೆಗೆ ಅಂತ ಲೆಕ್ಕ ಹಾಕಿದ್ದೆವು. ಹಾಗಾಗಿ ನೇರ ಲಾಲ್‌ಬಾಗ್. ಹೈದರಾಲಿ 1760ರಲ್ಲಿ ಶುರು ಮಾಡಿಸಿದ ತೋಟ ಇದು, ಈಗ 240 ಎಕರೆ. ಎಲ್ಲ ನೋಡುತ್ತೇವೆ ಅಂತ ಹೊರಟರೆ ಕಾಲು ಸೋಲುತ್ತದೆ. ನಾವು ಗಾಜಿನ ಮನೆ ನೋಡಿ, ಕೆಂಪೇಗೌಡರ ಗೋಪುರ ಇರುವ ಬಂಡೆ ಹತ್ತಿ ಕೂತೆವು. ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಬೇಲೂರು, ಹಳೇಬೀಡಿನ ಕಲ್ಲು ನೋಡುತ್ತಲೇ ಬೆಳೆದವಳು ನಾನು. ಯಾರೂ ಉಳಿ ಮುಟ್ಟಿಸದ ಈ ಬರಿ ಕಲ್ಲಿನ ಮೇಲೆ ಕೈಯಿಟ್ಟಾಗ ಮೈ ಜುಮ್ಮೆಂದಿತು. ಇವರು ಏನೂ ಮಾತಾಡಲಿಲ್ಲ. ಒಂದು ಗಂಟೆ ಸುಮ್ನೆ ಕೂತೆವು. ಬೇರೆ ಎಷ್ಟೋ ಜಾಗಗಳಲ್ಲಿ ಈ ಸುಖ ಸಿಕ್ಕಿರಲಿಲ್ಲ.

ಅಲ್ಲಿಂದ ಒಂದೇ ಸ್ಟೇಷನ್ ಹಿಂದೆ ಬಂದು ನ್ಯಾಷನಲ್ ಕಾಲೇಜ್‌ನಲ್ಲಿ ಇಳಿದು ಗಾಂಧಿಬಜಾರ್‌ಗೆ ನಡೆದೆವು. ದೊಡ್ಡ ಗಣಪತಿಗೆ, ಬಸವಣ್ಣನಿಗೆ ಕೈಮುಗಿದು, ವಿದ್ಯಾರ್ಥಿ ಭವನದ ಮುಂದೆ ಸಾಲಿನಲ್ಲಿ ನಿಂತೆವು. 1943ರ ಹೋಟೆಲು. ಮಸಾಲೆದೋಸೆ ತಟ್ಟೆಗಳನ್ನು ತೋಳುದ್ದ ಪೇರಿಸಿಕೊಂಡು ಬರುವವರನ್ನು ನೋಡುವುದಕ್ಕಾದರೂ ಕಾಯಬೇಕು.

ಕೊನೆಗೆ ಕೆ.ಆರ್. ಮಾರ್ಕೆಟ್. ಹತ್ತಿರದಲ್ಲೇ ಟಿಪ್ಪುವಿನ ಮರದ ಬೇಸಿಗೆ ಅರಮನೆ ಇದೆ, 1791ರದ್ದು. ಅದನ್ನು ಮೊದಲು ನೋಡಿಕೊಂಡು ಮಾರ್ಕೆಟ್ ಹೊಕ್ಕೆವು. ಹಾಸನಾಂಬೆ ದರ್ಶನದ ನೂಕುನುಗ್ಗಲಿನಲ್ಲಿ ನಿಂತು ಅಭ್ಯಾಸ ಇರುವ ನನಗೂ ಇಲ್ಲಿ ಉಸಿರು ಕಟ್ಟಿತು. ಅಲ್ಲಿ ಜನ ಒಂದೇ ಕಡೆಗೆ ಸಾಗುತ್ತಾರೆ, ಇಲ್ಲಿ ನಾಲ್ಕೂ ಕಡೆಗೆ. ಮೂಟೆ ಹೊತ್ತವರಿಗೆ ದಾರಿ ಬಿಡುವಷ್ಟರಲ್ಲಿ ಇವರು ಕಾಣಲಿಲ್ಲ. ಫೋನ್ ಎರಡೂ ಇವರ ಚೀಲದಲ್ಲಿ! ಆದರೆ ಒಳಗೆ ಹೋಗುವ ಮುಂಚೆಯೇ, ತಪ್ಪಿಸಿಕೊಂಡರೆ ಮೆಟ್ರೋ ಬಾಗಿಲ ಹತ್ತಿರ ನಿಲ್ಲೋಣ ಅಂತ ಮಾತಾಗಿತ್ತು. ಹೋಗಿ ನೋಡಿದರೆ ಇವರು ಆಗಲೇ ಅಲ್ಲಿ ನಿಂತಿದ್ದರು, ಮುಖ ಬೆವತಿತ್ತು. "ಇನ್ಮೇಲೆ ನಿನ್ನ ಫೋನ್ ನೀನೇ ಇಟ್ಕೋ" ಅಂದರು. ದಂಪತಿಯಾಗಿ ಹೋಗುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಸೇರುವ ಜಾಗ ಮೊದಲೇ ಗೊತ್ತು ಮಾಡಿಕೊಳ್ಳಿ.

ಮತ್ತೆ ಒಳಗೆ ಹೋದೆವು, ಈ ಸಲ ಕೈ ಹಿಡಿದುಕೊಂಡೇ. ನಮ್ಮೂರಲ್ಲಿ ಹೂವು ಮಾರಿನ ಲೆಕ್ಕದಲ್ಲಿ ಕೊಳ್ಳುವವಳು ನಾನು, ಇಲ್ಲಿ ಬಿಡಿ ಸೇವಂತಿಗೆ ಕೆಜಿ ಲೆಕ್ಕದಲ್ಲಿ ತಗೊಂಡೆ. ವಾಪಸ್ ರೈಲಿನಲ್ಲಿ ಕುಣಿಗಲ್ ದಾಟುವಷ್ಟರಲ್ಲಿ ಇವರಿಗೆ ನಿದ್ದೆ. ನಾನು ಹಾಸನ ಬರುವವರೆಗೂ ಹೂವು ಕಟ್ಟುತ್ತಲೇ ಇದ್ದೆ.