ಕ್ರಾಪ್ಸ್ ಟೇಬಲ್ಲಿಗೆ ಹೋಗುವ ಮುನ್ನ ದುಡ್ಡಿನ ಲೆಕ್ಕ

ಕ್ಯಾಸಿನೋದಲ್ಲಿ ಜಾಸ್ತಿ ಗದ್ದಲ ಕೇಳಿಸುವುದು ಕ್ರಾಪ್ಸ್ ಟೇಬಲ್ ಸುತ್ತ. ಎರಡು ದಾಳ, ಉದ್ದನೆಯ ಮೇಜು, ಅಂಚಿಗೆ ಒತ್ತಿಕೊಂಡು ನಿಂತ ಜನ. ಒಳ್ಳೆಯ ಗರ ಬಿದ್ದರೆ ಗುರುತು ಪರಿಚಯ ಇಲ್ಲದವರೂ ಒಟ್ಟಿಗೆ ಕೂಗುತ್ತಾರೆ. ಅಂಥ ಜಾಗದಲ್ಲಿ ನಿಂತು ತಣ್ಣಗೆ ದುಡ್ಡಿನ ಲೆಕ್ಕ ಹಾಕಲು ಆಗುವುದಿಲ್ಲ. ಲೆಕ್ಕವನ್ನೆಲ್ಲ ಬಾಗಿಲ ಹೊರಗೇ ಮುಗಿಸಿಕೊಂಡು ಒಳಗೆ ಹೋಗಬೇಕು.

ಯಾವ ಲೆಕ್ಕಾಚಾರ ಮಾಡಿದರೂ ಈ ಆಟ ನಿಮ್ಮ ಕಡೆಗೆ ವಾಲುವುದಿಲ್ಲ. ಹೆಚ್ಚುಕಮ್ಮಿ ಪ್ರತಿ ಬಾಜಿಯಲ್ಲೂ ಕ್ಯಾಸಿನೋದ ಪಾಲು ಸೇರಿಯೇ ಇರುತ್ತದೆ. ದುಡ್ಡನ್ನು ಸರಿಯಾಗಿ ನಿಭಾಯಿಸಿದರೆ ಆಗುವ ಅನುಕೂಲ ಎರಡು. ಅದೇ ದುಡ್ಡಿನಲ್ಲಿ ಜಾಸ್ತಿ ಹೊತ್ತು ಆಡಬಹುದು. ಸೋತರೆ ಎಷ್ಟು ಸೋಲಬೇಕು ಎಂಬುದನ್ನು ನೀವೇ ತೀರ್ಮಾನಿಸಬಹುದು. ಇದಕ್ಕಿಂತ ಜಾಸ್ತಿ ಕೊಡುತ್ತೇನೆ ಎನ್ನುವ ಯಾವ 'ಸಿಸ್ಟಂ'ಗೂ ದುಡ್ಡು ಕೊಡಬೇಡಿ.

ಆಟದ ಪರಿಚಯ, ಚುಟುಕಾಗಿ

ದಾಳ ಎಸೆಯುವವರನ್ನು ಶೂಟರ್ ಎನ್ನುತ್ತಾರೆ. ಮೊದಲ ಎಸೆತಕ್ಕೆ ಕಮ್ ಔಟ್ ಎಂದು ಹೆಸರು. ನೀವು ಪಾಸ್ ಲೈನ್ ಮೇಲೆ, ಅಂದರೆ ಶೂಟರ್ ಗೆಲ್ಲುತ್ತಾನೆ ಎಂದು ಕಟ್ಟುವ ಜಾಗದಲ್ಲಿ, ದುಡ್ಡು ಕಟ್ಟಿದ್ದೀರಿ ಅಂದುಕೊಳ್ಳಿ. ಆಗ 7 ಅಥವಾ 11 ಬಿದ್ದರೆ ಗೆದ್ದಿರಿ. 2, 3 ಅಥವಾ 12 ಬಿದ್ದರೆ ಸೋತಿರಿ. 4, 5, 6, 8, 9, 10 ಇವುಗಳಲ್ಲಿ ಯಾವುದು ಬಿದ್ದರೂ ಅದು ಪಾಯಿಂಟ್ ಆಗುತ್ತದೆ. ಆಮೇಲೆ ಆ ಪಾಯಿಂಟ್ ಮತ್ತೆ ಬಿದ್ದರೆ ಗೆಲುವು. ಅದಕ್ಕೂ ಮೊದಲು 7 ಬಿದ್ದರೆ ಸೋಲು. ಇದಕ್ಕೆ ಸೆವೆನ್ ಔಟ್ ಎನ್ನುತ್ತಾರೆ, ದಾಳ ಮುಂದಿನವರ ಕೈಗೆ ಹೋಗುತ್ತದೆ.

ಎರಡು ದಾಳ ಒಟ್ಟು 36 ರೀತಿಯಲ್ಲಿ ಬೀಳಬಹುದು. ಅದರಲ್ಲಿ 7 ಬೀಳುವುದು 6 ರೀತಿಯಲ್ಲಿ. 6 ಮತ್ತು 8ಕ್ಕೆ ಐದೈದು ದಾರಿ, 5 ಮತ್ತು 9ಕ್ಕೆ ನಾಲ್ಕು, 4 ಮತ್ತು 10ಕ್ಕೆ ಮೂರೇ. ಇಷ್ಟು ನೆನಪಿದ್ದರೆ ಮುಂದಿನ ಮಾತೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಹೆಜ್ಜೆ 1: ದುಡ್ಡನ್ನು ಬೇರೆ ಮಾಡಿ

ಹೋದರೂ ಪರವಾಗಿಲ್ಲ ಎನ್ನಬಹುದಾದ ದುಡ್ಡು ಎಷ್ಟಿದೆ ಎಂದು ಮೊದಲು ನೋಡಿಕೊಳ್ಳಿ. ಬಾಡಿಗೆ, ಸಾಲದ ಕಂತು, ಮಕ್ಕಳ ಫೀಸು, ಆಸ್ಪತ್ರೆ ಖರ್ಚು ಎಲ್ಲ ಕಳೆದು, ಮನೆಯವರಿಗೂ ಗೊತ್ತಿದ್ದು ಮೋಜಿಗೆಂದು ಎತ್ತಿಟ್ಟ ದುಡ್ಡು ಮಾತ್ರ ಇದಕ್ಕೆ ಬರಬೇಕು. ಅಂಥದ್ದು ಇಲ್ಲದಿದ್ದರೆ ಟೇಬಲ್ ಹತ್ತಿರ ಹೋಗಲೇಬೇಡಿ. ಸಾಲ ಮಾಡಿ ಆಡುವುದಂತೂ ಬೇಡವೇ ಬೇಡ. ಕೆಲವು ಕ್ಯಾಸಿನೋಗಳು ಮಾರ್ಕರ್ ಎಂಬ ಹೆಸರಿನಲ್ಲಿ ತಾವೇ ಸಾಲ ಕೊಡುತ್ತವೆ. ಅದೂ ಸಾಲವೇ, ಸೋತರೂ ತೀರಿಸಲೇಬೇಕು.

ಆ ದುಡ್ಡನ್ನು ನಗದಾಗಿ ಒಂದು ಕವರಿಗೆ ಹಾಕಿ. ಎರಡು ದಿನ ಆಡುವ ಯೋಚನೆ ಇದ್ದರೆ ಎರಡು ಕವರು ಮಾಡಿ, ಒಂದನ್ನು ರೂಮಿನಲ್ಲೇ ಬಿಡಿ. ಎಟಿಎಂ ಕಾರ್ಡನ್ನೂ ಅಲ್ಲೇ ಬಿಟ್ಟು ಬನ್ನಿ.

ಹೆಜ್ಜೆ 2: ಟೇಬಲ್ ನೋಡಿ ನಿಲ್ಲಿ

ಪ್ರತಿ ಟೇಬಲ್ ಮೇಲೂ ಕನಿಷ್ಠ ಬಾಜಿ ಎಷ್ಟು ಎಂಬ ಬೋರ್ಡ್ ಇರುತ್ತದೆ. ಪಾಸ್ ಲೈನ್ ಒಂದರ ಮೇಲೇ ಕಟ್ಟುವುದಾದರೆ ಕೈಯಲ್ಲಿ ಕನಿಷ್ಠ ಬಾಜಿಯ 20 ಪಟ್ಟಾದರೂ ಇರಲಿ. ಆಡ್ಸ್ (ಪಾಯಿಂಟ್ ಬಿದ್ದ ಮೇಲೆ ಸೇರಿಸುವ ಬಾಜಿ, ಹೆಜ್ಜೆ 4 ನೋಡಿ) ಕೂಡ ಹಾಕುವುದಾದರೆ 40-50 ಪಟ್ಟು ಬೇಕು. ಅಷ್ಟಿಲ್ಲದಿದ್ದರೆ ಕಡಿಮೆ ಬಾಜಿಯ ಟೇಬಲ್ ಹುಡುಕಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಇಲ್ಲಿ ಅಕ್ಷರಶಃ ನಿಜ. ಗಾಜಿನ ಗುಮ್ಮಟದೊಳಗೆ ದಾಳ ತಾನೇ ಪುಟಿಯುವ ಯಂತ್ರಗಳಲ್ಲಿ ಕನಿಷ್ಠ ಬಾಜಿ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಹೊಸಬರಿಗೆ ಅದು ಒಳ್ಳೆಯ ಜಾಗ.

ಚಿಪ್ (ದುಡ್ಡಿನ ಬದಲು ಆಡುವ ಬಿಲ್ಲೆ) ಕೊಳ್ಳುವಾಗ ದುಡ್ಡನ್ನು ಡೀಲರ್, ಅಂದರೆ ಟೇಬಲ್ ನಡೆಸುವವರ ಕೈಗೆ ಕೊಡಬೇಡಿ, ತೆಗೆದುಕೊಳ್ಳುವುದಿಲ್ಲ. ಎರಡು ಎಸೆತದ ನಡುವೆ, ದಾಳ ಯಾರ ಕೈಯಲ್ಲೂ ಇಲ್ಲದಾಗ ಮೇಜಿನ ಮೇಲಿಟ್ಟು ಚಿಪ್ ಬೇಕು ಎನ್ನಿ.

ಹೆಜ್ಜೆ 3: ಎಲ್ಲಿ ಕಟ್ಟಬೇಕು, ಎಲ್ಲಿ ಕಟ್ಟಬಾರದು

ದುಡ್ಡು ಉಳಿಯುವುದೂ ಕರಗುವುದೂ ಜಾಸ್ತಿ ಈ ಹೆಜ್ಜೆಯಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಪಾಸ್ ಲೈನ್‌ನಲ್ಲಿ ಕ್ಯಾಸಿನೋದ ಪಾಲು ಶೇ 1.41. ಅಂದರೆ ನೀವು ಒಟ್ಟು 100 ಕಟ್ಟಿದರೆ ಸರಾಸರಿ 1.41 ಅವರಿಗೆ ಹೋಗುತ್ತದೆ. ಅದರ ಎದುರು ಬದಿಯ ಡೋಂಟ್ ಪಾಸ್‌ನಲ್ಲಿ ಶೇ 1.36. ಅಲ್ಲಿ ನೀವು ಶೂಟರ್ ಸೋಲುತ್ತಾನೆ ಎಂದು ಕಟ್ಟಿದಂತೆ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ದಾಳ ತಯಾರಕ ಜಾನ್ ವಿನ್ ಈ ಬಾಜಿಯನ್ನು ತಂದ ಎನ್ನುತ್ತಾರೆ. ಎರಡೂ ಕಡೆ ಕಟ್ಟಲು ಅವಕಾಶ ಸಿಕ್ಕಿದ ಮೇಲೆ ಮೋಸದ ದಾಳದ ಆಟ ನಡೆಯದಾಯಿತು. ಎಲ್ಲರೂ ಗೆಲುವಿಗೆ ಕೂಗುವಾಗ ನೀವೊಬ್ಬರೇ ಸೋಲಿಗೆ ಕಟ್ಟಿ ನಿಲ್ಲುವುದು ಕೆಲವರಿಗೆ ಮುಜುಗರ. ಹಾಗಿದ್ದರೆ ಪಾಸ್ ಲೈನ್‌ನಲ್ಲೇ ಇರಿ, ವ್ಯತ್ಯಾಸ ತೀರಾ ಸಣ್ಣದು.

7ಕ್ಕೂ ಮೊದಲು ಇಂಥ ಸಂಖ್ಯೆ ಬೀಳುತ್ತದೆ ಎಂದು ಕಟ್ಟುವುದು ಪ್ಲೇಸ್ ಬೆಟ್. 6 ಅಥವಾ 8ರ ಮೇಲೆ ಕಟ್ಟಿದರೆ ಶೇ 1.52. ಇದೂ ಪರವಾಗಿಲ್ಲ. ಆದರೆ ಇದನ್ನು ಆರರ ಮಗ್ಗಿಯಲ್ಲೇ ಕಟ್ಟಬೇಕು: 6, 12, 18. ಇಲ್ಲಿ ಪ್ರತಿ 6ಕ್ಕೆ 7 ಕೊಡುತ್ತಾರೆ. ನೀವು 10 ಕಟ್ಟಿದರೆ 6ಕ್ಕೆ ಮಾತ್ರ 7 ಸಿಗುತ್ತದೆ, ಉಳಿದ 4ಕ್ಕೆ ಬರೀ 4. ಗೊತ್ತಿಲ್ಲದೆ ಸುಮ್ನೆ ಬಿಟ್ಟುಕೊಡುವ ದುಡ್ಡು ಇದು. 5 ಮತ್ತು 9ಕ್ಕೆ ಹೋದರೆ ಪಾಲು ಶೇ 4, 4 ಮತ್ತು 10ಕ್ಕೆ ಶೇ 6.67.

ಮೇಜಿನ ನಡುವೆ ಬಣ್ಣಬಣ್ಣದ ಚೌಕಗಳಿರುತ್ತವೆ. ಕೋಲು ಹಿಡಿದ ಸ್ಟಿಕ್‌ಮ್ಯಾನ್ ಅವುಗಳ ಮೇಲೆ ಕಟ್ಟಿ ಎಂದು ಕೂಗುತ್ತಲೇ ಇರುತ್ತಾನೆ. ಹಾರ್ಡ್ ಎಂದರೆ ಎರಡೂ ದಾಳ ಒಂದೇ ಸಂಖ್ಯೆ ತೋರಿಸಿ ಆ ಮೊತ್ತ ಬರಬೇಕು, 6ಕ್ಕೆ 3 ಮತ್ತು 3 ಇದ್ದಂತೆ. ಹಾರ್ಡ್ 6 ಮತ್ತು 8ರಲ್ಲಿ ಶೇ 9.09. ಹಾರ್ಡ್ 4 ಮತ್ತು 10ರಲ್ಲಿ ಶೇ 11.11. ಮುಂದಿನ ಎಸೆತದಲ್ಲೇ 7 ಬೀಳುತ್ತದೆ ಎಂದು ಕಟ್ಟುವ ಎನಿ ಸೆವೆನ್‌ನಲ್ಲಿ ಶೇ 16.67.

ಇವು ಸಣ್ಣ ಬಾಜಿಗಳು, ಒಂದೆರಡು ಚಿಪ್ ಹೋದರೆ ಏನು ಮಹಾ ಎನ್ನಿಸುತ್ತದೆ ಅಲ್ವಾ? ಲೆಕ್ಕ ಹಾಕಿ ನೋಡೋಣ. ಗಂಟೆಗೆ 100 ಎಸೆತ ಎಂದಿಟ್ಟುಕೊಳ್ಳಿ. ಪಾಸ್ ಲೈನ್ ಬಾಜಿ ಒಂದು ತೀರ್ಮಾನವಾಗಲು ಸರಾಸರಿ 3.38 ಎಸೆತ ಬೇಕು. ಹಾಗಾಗಿ ಗಂಟೆಗೆ ಸುಮಾರು 30 ಬಾಜಿ. ಪ್ರತಿ ಸಲ 10 ಕಟ್ಟಿದರೆ ಒಟ್ಟು 300, ಸರಾಸರಿ ನಷ್ಟ 4ಕ್ಕೆ ಸ್ವಲ್ಪ ಮೇಲೆ. ಪಕ್ಕದವನು ಪ್ರತಿ ಎಸೆತಕ್ಕೂ ಎನಿ ಸೆವೆನ್ ಮೇಲೆ ಬರೀ 5 ಕಟ್ಟುತ್ತಾನೆ. ಅವನು ಗಂಟೆಗೆ ಕಟ್ಟಿದ್ದು 500, ಸರಾಸರಿ ನಷ್ಟ 83. ಬಾಜಿ ಅರ್ಧ, ನಷ್ಟ ಇಪ್ಪತ್ತು ಪಟ್ಟು. ಅವನ ದುಡ್ಡು ಎಲ್ಲಿಗೆ ಹೋಯಿತು ಎಂದು ಅವನಿಗೇ ತಿಳಿಯುವುದಿಲ್ಲ, ಯಾಕೆಂದರೆ ಒಂದೇ ಸಲಕ್ಕೆ ದೊಡ್ಡದಾಗಿ ಏನೂ ಹೋಗಿರುವುದಿಲ್ಲ.

ಹೆಜ್ಜೆ 4: ಆಡ್ಸ್ ಹಾಕುವಾಗ ಎಚ್ಚರ

ಪಾಯಿಂಟ್ ಬಿದ್ದ ಮೇಲೆ ಪಾಸ್ ಲೈನ್ ಹಿಂದೆ ಇನ್ನಷ್ಟು ದುಡ್ಡು ಇಡಬಹುದು. ಇದೇ ಆಡ್ಸ್. ಇದರಲ್ಲಿ ಕ್ಯಾಸಿನೋದ ಪಾಲು ಸೊನ್ನೆ. 4, 10ಕ್ಕೆ ಒಂದಕ್ಕೆ ಎರಡು, 5, 9ಕ್ಕೆ ಎರಡಕ್ಕೆ ಮೂರು, 6, 8ಕ್ಕೆ ಐದಕ್ಕೆ ಆರು. ದಾಳದ ಲೆಕ್ಕ ಹೇಗಿದೆಯೋ ಹಾಗೇ ಕೊಡುತ್ತಾರೆ. ಅದಕ್ಕೇ ತಿಳಿದವರೆಲ್ಲ ಆಡ್ಸ್ ಹಾಕಿ ಎನ್ನುತ್ತಾರೆ. ಮಾತು ಸರಿಯೇ, ಆದರೆ ಅರ್ಧ.

ಪಾಸ್ ಲೈನ್ ಮೇಲೆ ಬರೀ 10 ಕಟ್ಟುತ್ತಾ 30 ಬಾಜಿ ಆಡಿದರೆ ಮೂರರಲ್ಲಿ ಎರಡು ಪಾಲು ಸಲ ನಿಮ್ಮ ಏರಿಳಿತ ಸುಮಾರು 55ರ ಒಳಗೆ ಇರುತ್ತದೆ. ಅದೇ ಆಟಕ್ಕೆ ಪ್ರತಿ ಸಲ 20 ಆಡ್ಸ್ ಸೇರಿಸಿ. ಸರಾಸರಿ ನಷ್ಟ ಅಷ್ಟೇ, 4ರ ಆಸುಪಾಸು. ಆದರೆ ಏರಿಳಿತ 55 ಇದ್ದದ್ದು 157ರ ಹತ್ತಿರ ಹೋಗುತ್ತದೆ. 200 ತಂದವರಿಗೆ ಇದು ದೊಡ್ಡ ಮಾತು. ಲೆಕ್ಕದಲ್ಲಿ ಏನೂ ತಪ್ಪು ಮಾಡದೆಯೇ ಒಂದು ಗಂಟೆಯಲ್ಲಿ ಕೈ ಬರಿದಾಗಬಹುದು. ಆಡ್ಸ್ ಒಳ್ಳೆಯ ಬಾಜಿಯೇ, ಆದರೆ ಅದನ್ನು ತಡೆದುಕೊಳ್ಳುವಷ್ಟು ದುಡ್ಡು ಹಿಂದೆ ಇರಬೇಕು. ಕಡಿಮೆ ಇದ್ದರೆ ಒಂದು ಪಟ್ಟು ಸಾಕು, ಇಲ್ಲದಿದ್ದರೂ ನಡೆಯುತ್ತದೆ. ಮುಖ್ಯವಾಗಿ, ಆಡ್ಸ್‌ಗೆ ಬೇಕಾದ ದುಡ್ಡನ್ನು ಪಾಸ್ ಲೈನ್ ಬಾಜಿ ಕಡಿಮೆ ಮಾಡಿ ಹೊಂದಿಸಿ. ಅದರ ಮೇಲೆ ಹೊಸದಾಗಿ ಸೇರಿಸಬೇಡಿ.

ಹೆಜ್ಜೆ 5: ಮೇಜಿನ ಮೇಲೆ ಒಟ್ಟು ಎಷ್ಟಿದೆ?

ಪ್ರತಿ ಎಸೆತಕ್ಕೂ ಮುಂಚೆ ಈ ಪ್ರಶ್ನೆ ಕೇಳಿಕೊಳ್ಳಿ. ಪಾಯಿಂಟ್ 5 ಆಗಿದೆ. ಪಾಸ್ ಲೈನ್ ಮೇಲೆ 10, ಅದರ ಹಿಂದೆ ಆಡ್ಸ್ 20. 6ರ ಮೇಲೆ 12, 8ರ ಮೇಲೆ 12. ನಿಮ್ಮ ಮನಸ್ಸಿನಲ್ಲಿ ಇದು ಹತ್ತರ ಆಟ. ಮೇಜಿನ ಮೇಲೆ ಇರುವುದು 54. ಒಂದು 7 ಬಿದ್ದರೆ ಡೀಲರ್ ಎಲ್ಲವನ್ನೂ ಗುಡಿಸಿಕೊಂಡು ಹೋಗುತ್ತಾನೆ. ಇಂಥ ಮೂರು ಸೆವೆನ್ ಔಟ್‌ಗೆ 162 ಹೋಗುತ್ತದೆ, ನೀವು ತಂದ 200ರಲ್ಲಿ ಉಳಿಯುವುದು 38. ಸರಾಸರಿ ಆರು ಎಸೆತಕ್ಕೆ ಒಂದು 7 ಬೀಳುತ್ತದೆ ಎಂಬುದನ್ನೂ ಇದರ ಜೊತೆಗಿಟ್ಟು ನೋಡಿ.

ಪಾಯಿಂಟ್ ಬಿದ್ದ ಮೇಲೆ ಪಾಸ್ ಲೈನ್ ದುಡ್ಡನ್ನು ವಾಪಸ್ ತೆಗೆಯಲು ಬಿಡುವುದಿಲ್ಲ. ಆಡ್ಸ್ ಮತ್ತು ಪ್ಲೇಸ್ ಬೆಟ್ ಹಾಗಲ್ಲ, ಯಾವಾಗ ಬೇಕಾದರೂ ತೆಗೆಸಬಹುದು. ಜಾಸ್ತಿ ಹರಡಿಕೊಂಡಿದೆ ಅನ್ನಿಸಿದರೆ ಡೀಲರ್‌ಗೆ ಹೇಳಿ ಇಳಿಸಿ. ನಾಚಿಕೆ ಏನಿಲ್ಲ.

ಇನ್ನೊಂದು ವಿಷಯ, ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಪಾಸ್ ಲೈನ್‌ನಲ್ಲಿ ಗೆದ್ದಾಗ ಡೀಲರ್ ನಿಮ್ಮ ಬಾಜಿಯ ಪಕ್ಕದಲ್ಲೇ ಗೆಲುವಿನ ಚಿಪ್ ಇಡುತ್ತಾನೆ. ಅದನ್ನು ನೀವೇ ಎತ್ತಿಕೊಳ್ಳಬೇಕು. ಎತ್ತದಿದ್ದರೆ ಎರಡೂ ಸೇರಿ ಮುಂದಿನ ಬಾಜಿಯಾಗುತ್ತದೆ. 10ರ ಆಟ ತಾನಾಗಿಯೇ 20ರ ಆಟವಾಯಿತು!

ಹೆಜ್ಜೆ 6: ಸೋತಾಗ ದುಪ್ಪಟ್ಟು ಮಾಡಬೇಡಿ

ಸೋತಾಗಲೆಲ್ಲ ಬಾಜಿ ದುಪ್ಪಟ್ಟು ಮಾಡಿದರೆ ಒಂದಲ್ಲ ಒಂದು ಸಲ ಗೆದ್ದೇ ಗೆಲ್ಲುತ್ತೇವೆ ಎಂಬ ಲೆಕ್ಕ ತುಂಬ ಹಳೆಯದು, ಇದಕ್ಕೆ ಮಾರ್ಟಿಂಗೇಲ್ ಎನ್ನುತ್ತಾರೆ. 10, 20, 40, 80, 160, 320, 640. ಸತತ ಏಳು ಸೋತರೆ ಹೋದದ್ದು 1270, ಮುಂದಿನ ಬಾಜಿ 1280. ಅಷ್ಟು ದುಡ್ಡು ಇದ್ದರೂ ಟೇಬಲ್ಲಿನ ಗರಿಷ್ಠ ಮಿತಿ ಅಡ್ಡ ಬರಬಹುದು. ಇಷ್ಟೆಲ್ಲ ಮಾಡಿ ಸಿಗುವ ಲಾಭ ಬರೀ 10. ಪಾಸ್ ಲೈನ್‌ನಲ್ಲಿ ಸತತ ಏಳು ಸೋಲುವ ಸಾಧ್ಯತೆ ಸುಮಾರು 116ಕ್ಕೆ ಒಂದು. ಗಂಟೆಗಟ್ಟಲೆ ಆಡುವವರಿಗೆ ಅದು ದೂರದ ಮಾತಲ್ಲ.

ಕಳೆದುಕೊಂಡಲ್ಲೇ ಹುಡುಕಬೇಕು ಎನ್ನುವುದು ಬೇರೆ ಕಡೆ ಸರಿ, ಇಲ್ಲಿ ಅಲ್ಲ. ಹಿಂದಿನ ಗರ ಏನಿತ್ತು ಎಂಬುದು ದಾಳಕ್ಕೆ ಗೊತ್ತಿರುವುದಿಲ್ಲ.

ಹೆಜ್ಜೆ 7: ಯಾವಾಗ ಏಳಬೇಕು

ನಿಮ್ಮ ಮುಂದೆ ಮೇಜಿನ ಅಂಚಿನಲ್ಲಿ ಚಿಪ್ ಜೋಡಿಸುವ ಮರದ ತೋಡುಗಳಿರುತ್ತವೆ. ಒಂದರಲ್ಲಿ ತಂದ ದುಡ್ಡಿನ ಚಿಪ್, ಇನ್ನೊಂದರಲ್ಲಿ ಗೆದ್ದ ಚಿಪ್ ಇಡಿ. ಗೆದ್ದದ್ದು ತಂದದ್ದರಷ್ಟೇ ಆದಾಗ ತಂದಷ್ಟನ್ನು ಜೇಬಿಗೆ ಹಾಕಿ, ಉಳಿದದ್ದರಲ್ಲಿ ಮಾತ್ರ ಆಡಿ. ಇದರಿಂದ ಗೆಲ್ಲುವ ಸಾಧ್ಯತೆ ಏನೂ ಹೆಚ್ಚುವುದಿಲ್ಲ. ಗೆದ್ದದ್ದನ್ನೆಲ್ಲ ಅಲ್ಲೇ ಬಿಟ್ಟು ಬರುವುದು ಮಾತ್ರ ತಪ್ಪುತ್ತದೆ. ಸೋಲಿಗೂ ಹೀಗೇ: ಕವರು ಖಾಲಿಯಾದರೆ ಆಟ ಮುಗಿಯಿತು. ಹೊತ್ತಿಗೂ ಒಂದು ಗಡುವು ಇರಲಿ, ಯಾಕೆಂದರೆ ಆಡಿದಷ್ಟು ಹೊತ್ತೂ ಕ್ಯಾಸಿನೋದ ಪಾಲು ಸೇರುತ್ತಲೇ ಹೋಗುತ್ತದೆ. ಕುಡಿದು ಆಡಬೇಡಿ.

2009ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯ ಬೋರ್ಗಾಟಾ ಕ್ಯಾಸಿನೋದಲ್ಲಿ ಒಬ್ಬ ಮಹಿಳೆ ಸೆವೆನ್ ಔಟ್ ಆಗುವ ಮುನ್ನ 154 ಸಲ ದಾಳ ಎಸೆದರು. ನಾಲ್ಕು ಗಂಟೆಗೂ ಜಾಸ್ತಿ ಹೊತ್ತು ದಾಳ ಅವರ ಕೈಯಲ್ಲೇ ಇತ್ತು. ಇನ್ನೂ ಸ್ವಲ್ಪ ಹೊತ್ತು ನಿಂತರೆ ನಮಗೂ ಅಂಥದ್ದೊಂದು ಸಿಗಬಹುದು ಎಂಬ ಆಸೆಗೆ ಇಂಥ ಕಥೆಗಳೇ ಕಾರಣ. ಒಬ್ಬ ಶೂಟರ್ ಸರಾಸರಿ ಎಸೆಯುವುದು ಎಂಟೂವರೆ ಸಲ ಮಾತ್ರ. ನಿಮ್ಮ ಬಜೆಟ್ ಅದಕ್ಕೆ ಹೊಂದಿಕೊಂಡಿರಲಿ.

ಹೆಜ್ಜೆ 8: ಹೊರಡುವಾಗ

ಸಣ್ಣ ಚಿಪ್‌ಗಳನ್ನು ಕೈತುಂಬ ಹಿಡಿದುಕೊಂಡು ಹೊರಡಬೇಡಿ. ಡೀಲರ್ ಮುಂದಿಟ್ಟು ಕಲರ್ ಅಪ್ ಎನ್ನಿ, ದೊಡ್ಡ ಬೆಲೆಯ ಕೆಲವೇ ಚಿಪ್ ಕೊಡುತ್ತಾರೆ. ಟಿಪ್ಸ್ ಕೊಡುವುದಾದರೆ ಅದೂ ಕವರಿನ ದುಡ್ಡೇ, ಮೊದಲೇ ಲೆಕ್ಕಕ್ಕೆ ಹಿಡಿದಿರಬೇಕು. ನೇರವಾಗಿ ಕ್ಯಾಷ್ ಕೌಂಟರ್‌ಗೆ ಹೋಗಿ ನಗದು ಮಾಡಿಕೊಳ್ಳಿ. ಚಿಪ್ ಜೇಬಿನಲ್ಲೇ ಇದ್ದರೆ ದಾರಿಯಲ್ಲಿ ಸಿಗುವ ಇನ್ನೊಂದು ಟೇಬಲ್ ಕರೆಯುತ್ತದೆ. ತಂದದ್ದೆಷ್ಟು, ಒಯ್ದದ್ದೆಷ್ಟು ಎಂದು ಫೋನಿನಲ್ಲಿ ಬರೆದಿಡಿ. ಬರೆಯದಿದ್ದರೆ ಗೆದ್ದ ದಿನಗಳಷ್ಟೇ ನೆನಪಿನಲ್ಲಿ ಉಳಿಯುತ್ತವೆ.

ಕವರು ಖಾಲಿಯಾದ ಮೇಲೂ ಏಳಲು ಆಗದಿದ್ದರೆ, ಮನೆಯಲ್ಲಿ ಸುಳ್ಳು ಹೇಳಬೇಕಾಗಿ ಬಂದರೆ, ಸೋತದ್ದನ್ನು ಗೆಲ್ಲಲೆಂದೇ ಸಾಲ ಕೇಳುವಂತಾದರೆ ಮೇಲಿನ ಯಾವ ಹೆಜ್ಜೆಯೂ ನಿಮಗೆ ಸಾಲದು. ಆಗ ಹತ್ತಿರದವರಿಗೆ ಇದ್ದದ್ದನ್ನು ಇದ್ದಂತೆ ಹೇಳಿ, ಮಾನಸಿಕ ಆರೋಗ್ಯದ ವೈದ್ಯರನ್ನು ನೋಡಿ. ಹಲವು ದೇಶಗಳಲ್ಲಿ ನನ್ನನ್ನು ಒಳಗೆ ಬಿಡಬೇಡಿ ಎಂದು ಕ್ಯಾಸಿನೋಗೆ ನೀವೇ ಬರೆದುಕೊಡುವ ವ್ಯವಸ್ಥೆ ಇದೆ. ಅರ್ಜಿ ಅವರ ಕೌಂಟರ್‌ನಲ್ಲೋ ಜೂಜು ನಿಯಂತ್ರಣ ಇಲಾಖೆಯಲ್ಲೋ ಸಿಗುತ್ತದೆ. ಕೇಳಿ ಪಡೆದು, ಅವತ್ತೇ ಸಹಿ ಹಾಕಿ ಕೊಡಿ.